ಸಾಂಬಾರ್ ಪುಡಿಯ ಪಕ್ಕದ ಮಾತ್ರೆ

ಡಾಕ್ಟರ ಎದುರು ನಾನು ಸುಳ್ಳು ಹೇಳುವವನಲ್ಲ. ಆದರೆ ಅವರ ಪ್ರಶ್ನೆಗಳಿಗೂ ನಮ್ಮ ಮನೆಯ ಪದ್ಧತಿಗೂ ತಾಳಮೇಳವಿಲ್ಲ. ಆಚೆ ಗುಡ್ಡಗಳಿಗೆ ಬೆಂಕಿ ಬಿದ್ದು ಈ ಪರದೇಶದ ನಮ್ಮ ಊರು ರಾಂಚೊ ಬರ್ನಾರ್ಡೊದ ತುಂಬ ಹೊಗೆ ಕವಿದಾಗ ನನ್ನ ಎದೆ ಹಳೇ ಹಾರ್ಮೋನಿಯಂ ಥರ ಕುಂಯ್ಗುಡತೊಡಗಿತು. ಡಾಕ್ಟರಮ್ಮ ಇನ್‌ಹೇಲರ್ ಬರೆದುಕೊಡುತ್ತ, ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲವೆಂದೆ. ಕಾಫಿ? ಮಾಮೂಲಿ ಎಂದೆ. ನಮ್ಮ ಮಾಮೂಲಿ ಎಷ್ಟು ಗಟ್ಟಿ ಡಿಕಾಕ್ಷನ್ನಿನದು, ದಿನಕ್ಕೆ ಎಷ್ಟು ಲೋಟ ಎಂಬುದೆಲ್ಲ ಪಾಪ ಅವರಿಗೆ ಹೇಗೆ ಗೊತ್ತಾಗಬೇಕು.

ಬಿಪಿ ಮಾತ್ರೆ ನುಂಗುತ್ತೇನೆ, ನಿಜ. ಆದರೆ ಅದನ್ನು ಭಾವಮೈದುನ ಬೆಂಗಳೂರಿನಿಂದ ಬರುವಾಗ ಹಪ್ಪಳ, ಹುರಿಗಾಳಿನ ಜೊತೆ ಸೂಟ್‌ಕೇಸಿನಲ್ಲಿ ತರುತ್ತಾನೆ. ಅದು ಇರುವುದೂ ಅಡುಗೆಮನೆಯ ಶೆಲ್ಫಿನಲ್ಲಿ, ಸಾಂಬಾರ್ ಪುಡಿಯ ಪಕ್ಕ. ಸೂಟ್‌ಕೇಸಿನಲ್ಲಿ ಬಂದದ್ದೆಲ್ಲ ನನ್ನ ಲೆಕ್ಕದಲ್ಲಿ ದಿನಸಿ. ಔಷಧಿ ಎಂದರೆ ಇಲ್ಲಿನ ಫಾರ್ಮಸಿಯ ಕಿತ್ತಳೆ ಬಣ್ಣದ ಡಬ್ಬಿಯಲ್ಲಿ ಬರಬೇಕು.

ಇನ್‌ಹೇಲರ್ ಎಳೆದರೂ ಉಬ್ಬಸ ಇಳಿಯಲಿಲ್ಲ. ಬಿಸಿ ಕಾಫಿಗೆ ಎದೆ ಸಡಿಲವಾಗುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಮತ್ತೊಂದು ಲೋಟ, ಅದರ ಮೇಲೆ ಇನ್ನೊಂದು ಇಳಿಸಿದೆ. ಉಸಿರು ಹಗುರಾಗಲಿಲ್ಲ, ಎದೆ ಡವಗುಟ್ಟಿ ಕೈ ಮಾತ್ರ ನಡುಗತೊಡಗಿತು. ಆಫೀಸಿನ ವಿಡಿಯೊ ಮೀಟಿಂಗಿನಲ್ಲಿ ಅದನ್ನು ನೋಡಿ, ಪ್ರಾಜೆಕ್ಟು ತಡವಾದದ್ದಕ್ಕೆ ನಾನು ಹೆದರಿದ್ದೇನೆಂದು ತಿಳಿದು ಮ್ಯಾನೇಜರು ಸಮಾಧಾನ ಹೇಳಿದರು.

ಹೆಂಡತಿ ವಸುಧಾ ಬಂದು ನೋಡಿದಳು. "ರೀ, ಮಾತಾಡೋಕೇ ಆಗ್ತಿಲ್ವಲ್ರೀ ನಿಮಗೆ. ಏಳಿ, ಕಾರ್ ಹತ್ತಿ" ಎಂದಳು. ಅದನ್ನು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಹೊರಡುವಾಗ ಅವಳು ಆ ಶೆಲ್ಫಿನಲ್ಲಿದ್ದುದನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು.

ಕ್ಲಿನಿಕ್ಕಿನಲ್ಲಿ ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟ ಮೇಲೆ ಜೀವ ಬಂದಂತಾಯಿತು. ಡಾಕ್ಟರಮ್ಮ ಚೀಲದಿಂದ ಸಾಂಬಾರ್ ಪುಡಿ ಅಂಟಿದ ಮಾತ್ರೆಯ ಸ್ಟ್ರಿಪ್ ಎತ್ತಿದರು. ಇನ್‌ಹೇಲರ್ ಉಸಿರಿನ ದಾರಿ ತೆರೆಯಲು ನೋಡುತ್ತದೆ, ಈ ಮಾತ್ರೆ ಬಿಡುವುದಿಲ್ಲ, ಎರಡೂ ನಿಮ್ಮ ಎದೆಯೊಳಗೆ ಜಗಳವಾಡುತ್ತಿವೆ ಎಂದರು. ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ನನ್ನ ದಿನಸಿ ಸಿದ್ಧಾಂತವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.

ಬಿಪಿಗೆ ಬೇರೆ ಮಾತ್ರೆ ಬಂತು. ಕಾಫಿ ಬೆಳಗಿನ ಒಂದು ಲೋಟಕ್ಕೆ ಇಳಿಯಿತು. ಈಗ ಕ್ಲಿನಿಕ್ಕಿಗೆ ಹೋದರೆ ಡಾಕ್ಟರಮ್ಮ ನನ್ನನ್ನು ಏನೂ ಕೇಳುವುದಿಲ್ಲ, ನೇರವಾಗಿ ವಸುಧಾಳ ಕಡೆ ತಿರುಗುತ್ತಾರೆ. ಅವಳು ಕಷಾಯದಿಂದ ಹಿಡಿದು ನಾನು ಕದ್ದು ತಿಂದ ಚಕ್ಕುಲಿಯವರೆಗೆ ಎಲ್ಲ ವರದಿ ಒಪ್ಪಿಸುತ್ತಾಳೆ. ನಾನು ಬಾಯಿ ತೆರೆಯುವುದು ಇನ್‌ಹೇಲರ್ ಎಳೆಯಲಿಕ್ಕೆ ಮಾತ್ರ.