ಪಾಯಿಖಾನೆ ಕಟ್ಟಿದ ನಾಲ್ಕು ಮನೆ

"ಹೆಣ್ಣಾಳು ಗ್ವಾಡಿ ಕಟ್ಟಿದ್ರ ಕೋಳೀನೂ ಏರಂಗಿಲ್ಲ" ಅಂದವನು ಹೊಸಪೇಟೆಯ ನನ್ನ ಮೇಸ್ತ್ರಿ. ಅವನ ಕೈಕೆಳಗೆ ಹನ್ನೊಂದು ವರ್ಷ ಬುಟ್ಟಿ ಹೊತ್ತೆ. ಸಿಮೆಂಟ್ ಚೀಲದ ಮೇಲಿನ ಅಕ್ಷರ ಕೂಡಿಸಿ ಓದು ಕಲಿತೆ, ಆಮೇಲೆ ನಕ್ಷೆ ಓದಿದೆ. ಚೋರನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಸರ್ಕಾರದ ಶೌಚಾಲಯ ಕಟ್ಟುವ ಕೆಲಸ ಬಂದಾಗ ಪಂಚಾಯ್ತಿಯವರು ನನಗೆ ನಾಲ್ಕು ಮನೆ ಕೊಟ್ಟು ನೋಡಿದರು. ನಾಲ್ಕೂ ಪಾಸಾದರೆ ಇಡೀ ಓಣಿ ನನ್ನದು. ಇಲ್ಲವಾದರೆ ಮತ್ತೆ ಬುಟ್ಟಿ. ಪಾಯಿಖಾನೆ ಕಟ್ಟುವವರಿಗೆ ನಗು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಮನೆಯವರೇ ಒದಗಿಸುತ್ತಾರೆ.

ಗುಂಡಿ

ಮೊದಲ ಮನೆಯಲ್ಲಿ ಗುಂಡಿಗೆ ಇಟ್ಟಿಗೆ ಕಟ್ಟಿದೆ. ನೀರು ಮಣ್ಣಿಗೆ ಇಂಗಲೆಂದು ನಡುನಡುವೆ ತೂತು ಬಿಡಬೇಕು, ಬಿಟ್ಟೆ. ಮರುದಿನ ಹೋಗಿ ನೋಡಿದರೆ ಒಂದೂ ತೂತಿಲ್ಲ!

ಯಜಮಾನ ಎದೆ ಉಬ್ಬಿಸಿ ನಿಂತಿದ್ದ. "ಪಾಪ, ನಿನಗ ಇಟ್ಟಿಗಿ ಸಾಲಲಿಲ್ಲ ಅನ್ಸತ್ತವ್ವ. ನಾನಾ ತುಂಬಿಸಿ ಮೆತ್ತೀನಿ."

"ಇಟ್ಟಿಗಿ ಎಲ್ಲಿಂದ ತಂದ್ಯೋ ಯಣ್ಣಾ?"

ಉತ್ತರ ಕೊಟ್ಟವಳು ಅವನ ಹೆಂಡತಿ: "ನನ್ನ ಒಲಿ ಕಿತ್ತಾನ!"

ಮೆತ್ತಿದ್ದನ್ನು ಕಿತ್ತು ಮತ್ತೆ ತೂತು ಬಿಡಿಸಿದೆ. ಅಂದು ಆ ಮನೆಯಲ್ಲಿ ಅಡುಗೆ ಆಗಲಿಲ್ಲ. ಹಾಗಾಗಿ ಪಾಯಿಖಾನೆಯ ಅವಸರವೂ ಇರಲಿಲ್ಲ.

ಫೋಟೋ

ಎರಡನೆಯದು ಒಬ್ಬ ಅಜ್ಜಿಯ ಮನೆ. ಕಟ್ಟಿದ ಮೇಲೆ ಮನೆಯವರನ್ನು ಬಾಗಿಲ ಮುಂದೆ ನಿಲ್ಲಿಸಿ ಪಂಚಾಯ್ತಿಯ ಗುಮಾಸ್ತ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಅಜ್ಜಿ ಇಳಕಲ್ಲು ಸೀರೆ ಉಟ್ಟು, ಸತ್ತ ಗಂಡನ ಕಟ್ಟು ಹಾಕಿಸಿದ ಫೋಟೋ ಎದೆಗವಚಿಕೊಂಡು ಬಂದಳು.

"ಅಜ್ಜಿ, ನೀವೊಬ್ರೇ ನಿಂದರ್ರಿ. ಅವರು ಬ್ಯಾಡ."

"ಅವರನ್ನ ಬಿಟ್ಟು ನಾನು ಯಾವತ್ತೂ ಫೋಟೋ ತೆಗೆಸಿಲ್ಲಪ್ಪ."

ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಅಜ್ಜಿ ಗಂಡನನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಳು. "ಈಗ ತೆಗಿ. ಕೇಳಿದ್ರ, ಯಜಮಾನರು ಒಳಗ ಕುಂತಾರ ಅನ್ನು."

ಕಿಂಡಿ

ಉಳಿದ ಎರಡು ಮನೆ ಇಬ್ಬರು ವಾರಗಿತ್ತಿಯರವು. ಅಣ್ಣನ ಮನೆ, ತಮ್ಮನ ಮನೆ, ಪಾಯಿಖಾನೆಗಳ ನಡುವೆ ಒಂದೇ ಗೋಡೆ. ನಸುಕಿನಲ್ಲಿ ಚೊಂಬು ಹಿಡಿದು ಬಯಲಿಗೆ ಹೋದಾಗಲೇ ಅವರ ಸುಖದುಃಖದ ಮಾತು. ಮನೆಯಲ್ಲಿ ಅತ್ತೆಯ ಕಿವಿ ಭಾಳ ಚುರುಕು.

ಹಿರಿಯಳು ನನ್ನ ಕೈ ಹಿಡಿದುಕೊಂಡಳು: "ಯಕ್ಕಾ, ನಡುವಿನ ಗ್ವಾಡಿಗೆ ಒಂದು ಕಿಂಡಿ ಬಿಡು. ಮಾರಿ ಕಾಣಾದು ಬ್ಯಾಡ, ಮಾತು ಕೇಳಿದ್ರ ಸಾಕು."

ನಕ್ಷೆಯಲ್ಲಿ ಇರಲಿಲ್ಲ. ಆದರೂ ಒಂದು ಇಟ್ಟಿಗೆಯಷ್ಟು ಬಿಟ್ಟೆ.

ತಪಾಸಣೆಗೆ ಬಂದ ಸಾಹೇಬರ ಕಣ್ಣು ನೇರ ಅಲ್ಲಿಗೇ ಹೋಯಿತು. "ಇದೇನಮ್ಮ? ನಕ್ಷೆ ಪ್ರಕಾರ ಇಲ್ಲ. ಪಾಸ್ ಮಾಡಕ್ಕಾಗಲ್ಲ." ಅಷ್ಟರಲ್ಲಿ ಅವರು ಬೆಳಿಗ್ಗೆ ತಿಂದ ಆರು ಮಿರ್ಚಿ ಬಜ್ಜಿ ತಮ್ಮ ಕೆಲಸ ತೋರಿಸಿದವು. ಫೈಲು ನನ್ನ ಕೈಗಿಟ್ಟು ಹಿರಿಯಳ ಪಾಯಿಖಾನೆಗೆ ಓಡಿದರು.

ಆಚೆ ಬದಿಯಲ್ಲಿ ಕಿರಿಯಳು ಮೊದಲೇ ಕುಳಿತಿದ್ದಳಂತೆ. ಅವಳ ಮಾತು ಅಂಗಳದಲ್ಲಿದ್ದ ನಮಗೆಲ್ಲ ಕೇಳಿಸಿತು.

"ಯಕ್ಕಾ, ಬಂದ್ಯಾ? ಆ ಸಾಹೇಬ ತೊಲಗಿದ್ನಾ? ಮೂರು ದಿನದಿಂದ ಹೊರಕಡೆ ಆಗದವರಂಗ ಮಾರಿ ಮಾಡ್ಕೊಂಡಾನ ನೋಡು!"

ಮತ್ತೆ ಅವಳದೇ ದನಿ:

"ಯಾಕ ಸುಮ್ಮನದಿ? ನಿನಗೂ ಆಗವಲ್ದಾ? ಬಿಸಿನೀರು ಕುಡಿ."

ಗೋಡೆಯ ಈಚೆಯಿಂದ ಗಂಡು ದನಿಯೊಂದು ಸಣ್ಣಗೆ ಹೇಳಿತು: "ಕುಡೀತೀನಮ್ಮ."

ಕಿರಿಯಳು ಚೊಂಬು ಅಲ್ಲೇ ಬಿಟ್ಟು ಓಡಿದಳು. ಹೊರಗೆ ಬಂದ ಸಾಹೇಬರು ಯಾರ ಮುಖವನ್ನೂ ನೋಡದೆ ಫೈಲು ಕಿತ್ತುಕೊಂಡು, "ಗಾಳಿಗೆ ಕಿಂಡಿ ಇದೆ. ಎರಡೂ ಬಳಕೆಯಲ್ಲಿವೆ" ಎಂದು ಬರೆದು ಸಹಿ ಹಾಕಿದರು.

ಓಣಿ ನನ್ನದಾಯಿತು. ಈಗ ನನಗೆ ಸ್ವಂತ ಕಾಂಕ್ರೀಟ್ ಮಿಕ್ಸರ್ ಇದೆ, ನನ್ನ ಕೈಕೆಳಗೆ ಆರು ಜನ ಗಾರೆಯವರಿದ್ದಾರೆ. ಅದಕ್ಕೆ ತೆತ್ತದ್ದು ಒಂದು ಮೊಣಕಾಲು, ಮತ್ತು ಅಪ್ಪ ಇಟ್ಟ ಹೆಸರು. ಸಂಡೂರಿನಿಂದ ಕಂಪ್ಲಿಯವರೆಗೆ, ಮದುವೆ ಊಟದ ಪಂಕ್ತಿಯಲ್ಲೂ, ಬಡಿಸುವವರು ಕೂಗುವುದು ಒಂದೇ: "ಪಾಯಿಖಾನಿ ಅಕ್ಕಗ ಇನ್ನೊಂದು ಹೋಳಿಗಿ ಹಾಕ್ರೀ!"