ತೆಳು ಹಗ್ಗ ಎಳೆದ ಶನಿವಾರ

ಈ ಶನಿವಾರ ಹೆಂಡತಿಗೆ ನಮ್ಮ ಟೆಕ್ಸಸ್ ಗುಡ್ಡಸೀಮೆಯ ಹಳೆಯ ಚರ್ಚುಗಳನ್ನೆಲ್ಲ ತೋರಿಸಿ, ಬೇರೆನ್ಸ್ ಮನೆತನ ಎಂದರೆ ಏನೆಂದು ಒಂದೇ ಸಲಕ್ಕೆ ಮನದಟ್ಟು ಮಾಡಿಬಿಡುತ್ತೇನೆಂದು ತೀರ್ಮಾನಿಸಿದೆ. ಮದುವೆಯಾಗಿ ಮೂವತ್ತು ವರ್ಷವಾದರೂ ಡಾರ್ಲೀನ್‌ಗೆ ಅದು ತಿಳಿದಿರಲಿಲ್ಲ. ತಪ್ಪು ಅವಳದಲ್ಲ. ಅವಳು ಹೂಸ್ಟನ್ನಿನವಳು, ಅಲ್ಲಿ ಗುಡ್ಡವೂ ಇಲ್ಲ, ಮನೆತನವೂ ಇಲ್ಲ.

ಒಳಗುಟ್ಟು ಬೇರೆಯೇ ಇತ್ತು. ನಮ್ಮ ಹುಟ್ಟೂರು ಸ್ಟೈನ್‌ಬಾಖ್‌ನ ಚರ್ಚಿಗೆ ಬರುವ ತಿಂಗಳು ನೂರೈವತ್ತು ತುಂಬುತ್ತದೆ. ಆ ದಿನ ಗಂಟೆ ಬಾರಿಸುವ ಗೌರವ ನಮ್ಮ ಮನೆತನದ್ದು. ಅಷ್ಟು ದೊಡ್ಡ ಗಂಟೆಯನ್ನು ಬಂದರಿನಿಂದ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ತಂದದ್ದು ನನ್ನ ಮುತ್ತಜ್ಜ! ಆದರೆ ಯಾರು ಬಾರಿಸಬೇಕೆಂದು ಹೇಳುವ ಅಧಿಕಾರ ಊರಲ್ಲಿ ಉಳಿದಿರುವ ಒಬ್ಬರೇ ಬೇರೆನ್ಸ್, ನನ್ನ ಸೋದರತ್ತೆ ಹುಲ್ಡಾ ಅವರದು. ಫೋನಿನಲ್ಲಿ ಕೇಳಿದ್ದಕ್ಕೆ, "ನೀನಾ ಎಲ್ರಾಯ್? ನೀನು ಒಂದು ಕೊಡ ನೀರು ಸೇದಿದ್ದೂ ನಾನು ಕಂಡಿಲ್ಲ. ಬಾ, ನೋಡೋಣ" ಅಂದಿದ್ದರು.

ಮೊದಲ ಚರ್ಚಿಗೆ ಬೀಗ. ಎರಡನೆಯದಕ್ಕೂ ಬೀಗ.

"ನಿಮ್ಮ ಮುತ್ತಜ್ಜ ಗಾಡೀಲಿ ಬೀಗದ ಕೈ ತರ್ಲಿಲ್ವಾ?" ಎಂದು ಕೇಳಿದಳು ಡಾರ್ಲೀನ್.

ಸ್ಟೈನ್‌ಬಾಖ್‌ನಲ್ಲಿ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅತ್ತೆಯ ಪರೀಕ್ಷೆಗೆ ಮುಂಚೆ ಸ್ವಲ್ಪ ಅಭ್ಯಾಸ ಆಗಲೆಂದು ಗೋಪುರದ ಕೆಳಗೆ ನಿಂತೆ. ಎರಡು ಹಗ್ಗ ನೇತಾಡುತ್ತಿದ್ದವು. ದಪ್ಪನೆಯದನ್ನು ಜಗ್ಗಿದೆ. ಗಂಟೆ ಅಲುಗಲಿಲ್ಲ, ನನ್ನ ಸೊಂಟ ಅಲುಗಿತು. ತೆಳ್ಳನೆಯದು ಬೆಣ್ಣೆಯ ಹಾಗೆ ಬಂತು. ಢಣ್!

"ಆಯ್ತಲ್ಲ, ಸಾಕು," ಅಂದಳು.

"ತಡಿ, ಈಗ ಕೈಗೆ ಹದ ಸಿಗ್ತಿದೆ."

ನಿಧಾನವಾಗಿ, ಗಂಭೀರವಾಗಿ, ಒಂದೊಂದೇ ಏಟು. ಅವಳು ಸಾಕು ಸಾಕು ಅನ್ನುತ್ತಲೇ ಇದ್ದಳು, ನಾನು ತೋಳು ಸೋಲುವವರೆಗೆ ಎಳೆಯುತ್ತಲೇ ಇದ್ದೆ. ಹೊರಗೆ ಬಂದು ನೋಡಿದರೆ ಗುಡ್ಡದ ಕೆಳಗಿನಿಂದ ಸಾಲಾಗಿ ಗಾಡಿಗಳು ಏರಿ ಬರುತ್ತಿವೆ.

"ನೋಡಿದ್ಯಾ? ಬೇರೆನ್ಸ್ ಗಂಟೆ ಅಂದ್ರೆ ಊರಿಗೂರೇ ಎದ್ದು ಬರುತ್ತೆ," ಎಂದು ಮೆಟ್ಟಿಲ ಮೇಲೆ ಎದೆಯುಬ್ಬಿಸಿ ನಿಂತೆ.

ಅತ್ತೆಯ ಪಕ್ಕದ ಜಮೀನಿನ ಮುದುಕ ಒಟ್ಟೊ ಮೊದಲು ಇಳಿದ. ಟೋಪಿ ತೆಗೆದು ನನ್ನ ಎರಡೂ ಕೈ ಹಿಡಿದುಕೊಂಡ. "ಎಂಬತ್ತೆಂಟು ಎಣಿಸ್ದೆ ಎಲ್ರಾಯ್. ಹೊಲದಲ್ಲೇ ಕೂತ್ಬಿಟ್ಟೆ. ಎಂಥ ಒಳ್ಳೇ ಹೆಂಗಸು."

"ಯಾವ ಹೆಂಗಸು?"

"ನಿಮ್ಮತ್ತೆ, ಇನ್ಯಾರು?"

ಆಗ ನೆನಪಾಯಿತು. ದಪ್ಪ ಹಗ್ಗ ಪ್ರಾರ್ಥನೆಗೆ ಕರೆಯಲು. ತೆಳು ಹಗ್ಗ ಅದೇ ಗಂಟೆಗೆ ಬಡಿಯುವ ಸುತ್ತಿಗೆಯದು, ಯಾರಾದರೂ ತೀರಿಕೊಂಡಾಗ ಮಾತ್ರ. ಸತ್ತವರಿಗೆ ಎಷ್ಟು ವರ್ಷವೋ ಅಷ್ಟು ಏಟು. ಎಂಬತ್ತೆಂಟಾದವರು ಊರಲ್ಲಿ ಒಬ್ಬರೇ.

ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿಗಳು ಅತ್ತೆಯ ಮನೆಯತ್ತ ತಿರುಗಿದವು. ನಮ್ಮೂರ ಹೆಂಗಸರ ಫ್ರಿಜ್ಜಿನಲ್ಲಿ ಸಾವಿನ ಮನೆಗೆ ಒಯ್ಯುವ ಆಲೂಗಡ್ಡೆ ಸಲಾಡ್ ಸದಾ ಸಿದ್ಧ. ನಾವು ಹಿಂದೆಯೇ ಕಾರು ಓಡಿಸಿದೆವು. ನೂರೈವತ್ತರ ಗೌರವ ಕೈತಪ್ಪುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಅತ್ತೆ ಜಗಲಿಯ ಮೇಲೆ ಕೂತು ಪೀಚ್ ಹಣ್ಣು ಸುಲಿಯುತ್ತಿದ್ದರು.

"ಹುಲ್ಡಾ, ನೀನು ಬದುಕಿದ್ದೀಯಾ?" ಅಂದ ಒಟ್ಟೊ.

"ಯಾಕೋ, ಬೇಜಾರಾಯ್ತಾ? ನಾನೂ ಎಣಿಸ್ತಿದ್ದೆ. ಎಂಬತ್ತೇಳು ದಾಟ್ತು. ಎಂಬತ್ತೆಂಟಕ್ಕೆ ನಿಂತಾಗ ಒಳಗೆ ಹೋಗಿ ಕನ್ನಡಿ ನೋಡ್ಕೊಂಡು ಬಂದೆ."

ಡಾರ್ಲೀನ್ ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ನನ್ನ ಸೊಂಟವನ್ನೂ ಬಿಡಲಿಲ್ಲ. ಕೊನೆಗೆ, "ಒಟ್ಟೊ ನಿಮ್ಮನ್ನ ಎಂಥ ಒಳ್ಳೇ ಹೆಂಗಸು ಅಂದ್ರು ಅತ್ತೆ," ಎಂದೂ ಸೇರಿಸಿದಳು.

"ಹೌದಾ? ಇಷ್ಟು ವರ್ಷ ಬೇಲಿ ಜಗಳ ಆಡ್ದಾಗ ಒಂದ್ಸಲಾನೂ ಅಂದಿರ್ಲಿಲ್ಲ. ಸಾಯ್ದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ ನೋಡು."

ತಂದ ಊಟವನ್ನು ಯಾರೂ ವಾಪಸ್ ಒಯ್ಯಲು ಅತ್ತೆ ಬಿಡಲಿಲ್ಲ. ಎಲ್ಲರೂ ಜಗಲಿಯ ಮೇಲೇ ಕೂತು ತಿಂದೆವು. ಅವರ ಮುಖ ಅರಳಿದ್ದು ಕಂಡು ಮೆಲ್ಲಗೆ ಕೇಳಿದೆ, "ಅತ್ತೆ, ನೂರೈವತ್ತರ ದಿನ ಗಂಟೆ..."

"ಅವತ್ತು ಡಾರ್ಲೀನ್ ಎಳೀತಾಳೆ. ಸಾಕು ಅನ್ನೋದು ಗೊತ್ತಿರೋಳು ಅವಳೊಬ್ಬಳೇ."

ಹೂಸ್ಟನ್ನಿನವಳು! ನನ್ನ ಮುತ್ತಜ್ಜನ ಗಂಟೆ! ನನ್ನ ಮುಖ ನೋಡಿ ಅತ್ತೆಗೆ ಕನಿಕರ ಬಂದಿರಬೇಕು. "ತೆಳು ಹಗ್ಗ ನಿನಗಿರ್ಲಿ. ನಾನು ಹೋದ ದಿನ ನೀನೇ ಹೊಡಿ. ಊರಲ್ಲಿ ಇಷ್ಟು ಅಭ್ಯಾಸ ಇನ್ಯಾರಿಗಿದೆ?" ಅಂದರು.

ನನ್ನ ಎದೆ ಮತ್ತೆ ಉಬ್ಬಿತು. ಎಷ್ಟಾದರೂ ಹಕ್ಕು ಹಕ್ಕೇ. ಹೊರಡುವಾಗ ಅತ್ತೆ ಕಾರಿನವರೆಗೂ ನಡೆದು ಬಂದು, ನನ್ನ ನೋಯುವ ತೋಳನ್ನು ಮುಟ್ಟಿ ನೋಡಿದರು.

"ನಮ್ಮಮ್ಮ ನೂರು ದಾಟಿದ ಮೇಲೆ ಹೋದ್ಳು. ನಾನು ಅವಳಿಗಿಂತ ಗಟ್ಟಿ. ಅದಕ್ಕೆ ಮುಂಚೆ ನಿನಗೇ ಏನಾದ್ರೂ ಆದ್ರೆ ಯೋಚ್ನೆ ಮಾಡ್ಬೇಡ ಎಲ್ರಾಯ್. ನಿಂದು ನಾನೇ ಹೊಡೀತೀನಿ."