ಎದೆಮಟ್ಟದ ಮೀಟರು

ಖಾನಾಪುರಕ್ಕೆ ಕರೆಂಟು ಬಂದ ಕಾಲದಲ್ಲಿ ಯಾರೋ ಪುಣ್ಯಾತ್ಮ ಮೀಟರುಗಳನ್ನೆಲ್ಲ ಹಂಚಿನ ಸೂರಿನ ಕೆಳಗೆ, ಪಾರಿವಾಳಗಳಿಗೆ ಓದಲು ಅನುಕೂಲವಾಗುವಂತೆ ಕೂರಿಸಿದ್ದ. ಅವನ್ನು ತಿಂಗಳಿಗೊಮ್ಮೆ ಓದಬೇಕಾದ ಸಿದರಾಯನಿಗೆ ಕುತ್ತಿಗೆಯೇ ಕೆಟ್ಟಿತ್ತು.

ಹೋದ ವರ್ಷ ಬೆಳಗಾವಿಯ ಟಿಳಕವಾಡಿಯಲ್ಲಿ, ತನ್ನ ಮನೆಯ ಹತ್ತಿರವೇ, ರೈಲ್ವೆ ಗೇಟು ಬಿದ್ದು ಲೂನಾ ನಿಲ್ಲಿಸಿಕೊಂಡಿದ್ದಾಗ ಹಿಂದಿನಿಂದ ಟೆಂಪೊ ಬಂದು ಗುದ್ದಿತ್ತು. ಚರ್ಮ ತರಚಲಿಲ್ಲ, ಮೂಳೆ ಮುರಿಯಲಿಲ್ಲ. ಕುತ್ತಿಗೆ ಒಂದು ಸಲ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಅಷ್ಟೆ. ಆವತ್ತಿನಿಂದ ತಲೆನೋವು ಹಿತ್ತಲ ಬಾಗಿಲಿಂದ ಬರುವ ಬೀಗರ ಹಾಗೆ ಹೆಡಕಿನಿಂದ ಹತ್ತಿ ಬಂದು ಹಣೆಯಲ್ಲಿ ಠಿಕಾಣಿ ಹೂಡತೊಡಗಿತು. ಚಷ್ಮಾ ಎರಡು ಸಲ ಬದಲಾಯಿತು, ನೋವಿಗೆ ಅದೇ ಕಾರಣವೆಂದು ಒಂದು ಒಳ್ಳೆಯ ಹಲ್ಲನ್ನೂ ಕೀಳಿಸಿದ್ದಾಯಿತು. ಕಡೆಗೆ ಬೆಳಗಾವಿಯ ಎಲುಬಿನ ಡಾಕ್ಟರು, ತಲೆಯದೇನೂ ತಪ್ಪಿಲ್ಲ, ಪೆಟ್ಟು ಬಿದ್ದದ್ದು ಕುತ್ತಿಗೆಗೆ, ಹೇಳಿದ ವ್ಯಾಯಾಮ ಮಾಡು, ಮೇಲೆ ಮಾತ್ರ ನೋಡಬೇಡ ಎಂದರು.

ಮೇಲೆ ನೋಡುವುದೇ ಸಿದರಾಯನ ನೌಕರಿ. ಹಾಗಾಗಿ ಬೆಳಗಾವಿ ಆಫೀಸಿನಲ್ಲಿ ಖಾಲಿಯಿದ್ದ ಟೇಬಲ್ ಕೆಲಸಕ್ಕೆ ಅರ್ಜಿ ಬರೆದಿದ್ದ. ಇವತ್ತು ತಪಾಸಣೆಗೆ ಬರುವ ದಿಗಂಬರ ಸಾಹೇಬರು ಸಹಿ ಮಾಡಿದರೆ ನಾಳೆಯಿಂದ ಫ್ಯಾನು, ಕುರ್ಚಿ, ಟಿಳಕವಾಡಿಯ ಮನೆಗೆ ಹತ್ತೇ ನಿಮಿಷ.

ಬೆಳಿಗ್ಗೆ ಓಣಿಗೆ ಬಂದವನು ಮೊದಲ ಮನೆಯ ಮುಂದೆ ಹಲ್ಲು ಕಚ್ಚಿ ಕತ್ತು ಎತ್ತಿದ. ಸೂರಿನಡಿ ಮೀಟರೇ ಇರಲಿಲ್ಲ. ಇಳಿದು ಎದೆಮಟ್ಟಕ್ಕೆ ಬಂದಿತ್ತು. ಬಾಜೂ ಮನೆಯದೂ ಹಾಗೆಯೇ. ಅದರಾಚೆಯದು ಸೊಂಟದ ತನಕ ಇಳಿದಿತ್ತು, ಅದರ ಮೇಲೊಂದು ಕೋಳಿ ಕೂತಿತ್ತು.

ಓಣಿಗೆಲ್ಲ ಹಿರಿಯಳಾದ ಫಕೀರವ್ವ ಹೆಮ್ಮೆಯಿಂದ ಹೊರಗೆ ಬಂದಳು. "ಕುತ್ತಿಗಿ ಸಲುವಾಗಿ ನಮ್ಮನ್ನ ಬಿಟ್ಟು ಹೊಂಟೀಯಂತ. ನಿನಗ ಮ್ಯಾಲ ನೋಡಾಕ ಆಗಂಗಿಲ್ಲಂದ್ರ ಮೀಟರ್ ಕೆಳಗ ಬರಬೇಕಪಾ. ನಮ್ಮ ಮುತ್ತಪ್ಪ ನಿನ್ನಿ ಹನ್ನೊಂದೂ ಮನೀದು ಇಳಿಸಿದ."

ಮುತ್ತಪ್ಪ ಮಿಕ್ಸರ್ ರಿಪೇರಿ ಮಾಡುವವನು. ಮೀಟರಿನ ಸೀಲು ಒಡೆದರೆ ಕರೆಂಟು ಕಳ್ಳತನದ ಕೇಸು, ಕಂಡೂ ಸುಮ್ಮನಿದ್ದ ರೀಡರು ಮನೆಗೆ. ಸೀಲುಗಳು ಏನಾದವು ಎಂದು ಸಿದರಾಯ ಮೆಲ್ಲಗೆ ಕೇಳಿದ. ಫಕೀರವ್ವ ಒಳಗಿನಿಂದ ಅರಿಷಿಣದ ಡಬ್ಬಿ ತಂದು ಕೈಯಲ್ಲಿಟ್ಟಳು.

"ಒಂದೂ ಕಳದಿಲ್ಲ, ಎಣಿಸ್ಕೋ. ತೊಳದ ಇಟ್ಟೀನಿ."

ಸಾಹೇಬರು ಬರುವುದರೊಳಗೆ ಮೇಲಕ್ಕೆ ಏರಿಸಿಬಿಡಿ ಎಂದು ಸಿದರಾಯ ಅಂಗಲಾಚಿದ. ಆದರೆ ಮುತ್ತಪ್ಪ ಮೊದಲ ಬಸ್ಸಿಗೇ ಬೆಳಗಾವಿಯ ರವಿವಾರ ಪೇಟೆಗೆ ಹೋಗಿದ್ದ. ಯಾಕೆಂದರೆ ಮುಂದಿನ ಓಣಿಯವರೂ ತಮ್ಮ ಮೀಟರು ಇಳಿಸಿಕೊಡು ಎಂದು ಗಂಟುಬಿದ್ದಿದ್ದರು, ಅದಕ್ಕೆ ಕ್ಲಾಂಪು ಬೇಕಿತ್ತು.

ಇನ್ನು ಮುಚ್ಚುವುದೊಂದೇ ದಾರಿ. ಒಂದು ಮೀಟರಿನ ಮೇಲೆ ಕ್ಯಾಲೆಂಡರು, ಇನ್ನೊಂದರ ಮೇಲೆ ಮೊರ. ಬಾಜೂ ಮನೆಯ ಬಸವಣ್ಣೆವ್ವ ತನ್ನ ಒಣ ಸೀರೆಯನ್ನು ಇನ್ನೊಮ್ಮೆ ಒದ್ದೆ ಮಾಡಿ ಹರವಲು ಬಂದಳು. ಮೀಟರಿನ ಮೇಲೆ ನೀರು ತೊಟ್ಟಿಕ್ಕುವ ಮೊದಲು ಸಿದರಾಯ ಓಡಿ ಹೋಗಿ ಕಸಿದುಕೊಂಡ. ಸೀರೆ ಕೈಯಲ್ಲಿರುವಾಗಲೇ ಜೀಪು ಬಂತು.

ಇಳಿದ ದಿಗಂಬರ ಸಾಹೇಬರು ಕಪಾಟು ಸರಿಸಿದಂತೆ ಇಡೀ ಮೈಯನ್ನೇ ತಿರುಗಿಸಿದರು. ಕುತ್ತಿಗೆಗೆ ಅಗಲವಾದ ಪಟ್ಟಾ ಇತ್ತು. ಮೂರು ತಿಂಗಳ ಹಿಂದೆ ಹಲಸಿ ರಸ್ತೆಯಲ್ಲಿ ಜೀಪು ಎಮ್ಮೆಗೆ ಅಡ್ಡ ಹೋಗಿತ್ತಂತೆ. ಸಾಹೇಬರು ಮೇಲೆ ನೋಡುವಂತಿಲ್ಲ, ಕೆಳಗೆ ನೋಡುವಂತಿಲ್ಲ. ಹಾಗಾಗಿ ನೇರವಾಗಿ ಕ್ಯಾಲೆಂಡರನ್ನೇ ನೋಡಿದರು. ಆಮೇಲೆ ಅದನ್ನು ಎತ್ತಿದರು.

ಸಿದರಾಯ ಅರಿಷಿಣದ ಡಬ್ಬಿ ಮುಂದೆ ಚಾಚಿದ.

"ಇವರದೇನೂ ತಪ್ಪಿಲ್ರಿ ಸಾಹೇಬ್ರ. ನನ್ನ ಕುತ್ತಿಗಿ ಸಲುವಾಗಿ ಮಾಡ್ಯಾರ. ಏನ್ ಬರಕೊಳ್ಳೂದೈತಿ, ನನ್ನ ಮ್ಯಾಲ ಬರಕೋರಿ."

ಸಾಹೇಬರು ಬಗ್ಗದೆ ಅಂಕಿ ಓದಿದರು. ಮುಂದಿನ ಮನೆಗೆ ಹೋದರು, ಅದರ ಮುಂದಿನದಕ್ಕೂ. ಕೋಳಿಯ ಮೀಟರಿಗೆ ಮಾತ್ರ ಅಂಗಳದಲ್ಲೇ ಮೊಣಕಾಲೂರಿ ಕೂತು ಓದಿದರು. ಎಲ್ಲ ಅಂಕಿಗಳೂ ಲೆಕ್ಕಕ್ಕೆ ಸರಿಯಿದ್ದವು. ಮುಗಿಸಿ ಎದ್ದಾಗ ಅವರ ಕಣ್ಣು ಒದ್ದೆಯಾಗಿತ್ತು. ಮೂರು ತಿಂಗಳಾಯಿತು, ನಮ್ಮ ಮನೆಯಲ್ಲಿ ದಾಡಿಯ ಕನ್ನಡಿಯನ್ನು ಕೂಡ ಯಾರೂ ನನಗಾಗಿ ಸರಿಸಿ ಹಾಕಿಲ್ಲ ಎಂದರು. ಕೇಸು ಇಲ್ಲ, ಹೊಸ ಸೀಲು ಇವತ್ತೇ ಹಾಕಿಸುತ್ತೇನೆ, ಆದರೆ ಇನ್ನು ಮುಂದೆ ಮಿಕ್ಸರಿನವನು ಮೀಟರು ಮುಟ್ಟಕೂಡದು ಎಂದು ಹೇಳಿದರು.

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ಸಿದರಾಯ ಅರ್ಜಿ ತೆಗೆದು ಕೊಟ್ಟ. ಕುತ್ತಿಗೆಯ ನೋವು ಗೊತ್ತಿರುವ ಮನುಷ್ಯ ಇಲ್ಲ ಅನ್ನುತ್ತಾರೆಯೇ? ಸಾಹೇಬರು ಅದನ್ನು ಕಣ್ಣಿನ ನೇರಕ್ಕೆ ಹಿಡಿದು ಓದಿ, ಅವನ ಹೆಗಲ ಮೇಲೆ ಕೈಯಿಟ್ಟರು.

"ಟೇಬಲ್ ಅಂದ್ರ ಏನಂತ ತಿಳದೀರಿ ಸಿದರಾಯ? ಎಂಟ ತಾಸು ಲೆಡ್ಜರಿನ್ಯಾಗ ಮಾರಿ ಹಾಕ್ಕೊಂಡು ಕುಂದರಬೇಕು. ನನ್ನ ಕುತ್ತಿಗಿ ಅರ್ಧಾ ಜೀಪಿನಿಂದ ಹೋತು, ಅರ್ಧಾ ಆ ಟೇಬಲ್‌ನಿಂದ. ನಿಮಗ ಆ ಗತಿ ನಾ ಖರೇನ ಬರಗೊಡಂಗಿಲ್ಲ."

ಜೀಪಿನ ಬಾನೆಟ್ಟಿನ ಮೇಲೆ ಅರ್ಜಿ ಇಟ್ಟು, ಇವರ ಆರೋಗ್ಯದ ದೃಷ್ಟಿಯಿಂದ ಐದು ವರ್ಷ ಖಾನಾಪುರದಿಂದ ಕದಲಿಸಕೂಡದು ಎಂದು ಕೆಂಪು ಶಾಯಿಯಲ್ಲಿ ಬರೆದರು. ನಡೆದಾಡಿದಷ್ಟೂ ಒಳ್ಳೆಯದೆಂದು ಇನ್ನೂ ಎರಡು ಓಣಿಗಳನ್ನು ಸೇರಿಸಿ ಕೊಟ್ಟರು.

ಜೀಪು ಹೋಯಿತು. ಓಣಿಯವರು ಹಿಗ್ಗಿದರು. ಕಟ್ಟೆಯ ಮೇಲೆ ಕುಸಿದು ಕೂತ ಸಿದರಾಯನಿಗೆ ಫಕೀರವ್ವ ಚಹಾ ತಂದುಕೊಟ್ಟಳು.

"ತಲಿ ಬ್ಯಾನಿ ಆಗಾಕತ್ತೈತೇನಪಾ?"

ಹೌದು ಎನ್ನಲು ಬಾಯಿ ತೆರೆದ. ಇನ್ನೊಂದು ಅರ್ಜಿ ಬರೆಯುವುದಕ್ಕಾದರೂ ಅದು ಬೇಕಲ್ಲ. ಹೆಡಕು ಹಿಸುಕಿ ನೋಡಿದ. ಹಣೆ ಒತ್ತಿ ನೋಡಿದ. ವರ್ಷದಲ್ಲಿ ಮೊದಲ ಸಲ, ಬೆಳಗಿನಿಂದ ಒಂದು ಗಳಿಗೆಯೂ ನೋವು ಅತ್ತ ಸುಳಿದಿರಲಿಲ್ಲ.

"ಇಲ್ಲ ಯವ್ವಾ," ಎಂದ ಸಿದರಾಯ, ಮುಖ ಸಣ್ಣದು ಮಾಡಿಕೊಂಡು.